ಬ್ರೆಜಿಲಿನ ಇನೆಜ್ ಬಾಯಿ

ಇನೆಜ್ ಬಾಯಿಯವರ ತುಟಿಗಳ ನಡುವೆ ಗುಂಡುಸೂಜಿ ಇಲ್ಲದ ಹೊತ್ತನ್ನು ಕಂಡವರು ಆ ಗಲ್ಲಿಯಲ್ಲಿ ಕಡಿಮೆ. ಎಡಕ್ಕೆ ನಾಲ್ಕು, ಬಲಕ್ಕೆ ಮೂರು, ನಡುವೆ ಉಸಿರಾಡಲೊಂದು ಸಂದು. ಹೀಗೆ ಏಳು ಸೂಜಿಗಳನ್ನು ಕಚ್ಚಿಕೊಂಡೇ ಅವರು ನೆರಿಗೆ ಹಿಡಿಯುತ್ತಿದ್ದರು, ಅಳತೆ ತೆಗೆಯುತ್ತಿದ್ದರು, ಮಹಡಿಯ ಮೆಟ್ಟಿಲಿಳಿದು ಬಂದು ಬಾಗಿಲು ತೆರೆಯುತ್ತಿದ್ದರು, ಮಾತಾಡಿಸಿದವರಿಗೆ ಉತ್ತರವನ್ನೂ ಕೊಡುತ್ತಿದ್ದರು. ಉತ್ತರವೆಂದರೆ ತಲೆಯನ್ನು ಎಡಭುಜದ ಕಡೆಗೊಮ್ಮೆ ಬಲಭುಜದ ಕಡೆಗೊಮ್ಮೆ ಮೆಲ್ಲಗೆ ತೂಗಿ, ಮೂಗಿನೊಳಗಿನಿಂದಲೇ ‘ಹ್ಞೂಂ’ ಎನ್ನುವುದು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಆ ತೂಗಾಟದ ಅರ್ಥಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯಿತು ಎಂದೂ ಆಗಬಹುದು, ನೋಡುವ ಎಂದೂ ಆಗಬಹುದು, ನೀವು ಹೇಳುತ್ತಿರುವುದು ಕಿವಿಗೆ ಬೀಳುತ್ತಿದೆ, ಈಗ ಕೆಲಸ ಮಾಡಲು ಬಿಡಿ ಎಂದೂ ಆಗಬಹುದು. ಬೇರೆ ಖಂಡದವರಿಗೆ ಮಾತ್ರ ಅದಕ್ಕೆ ಒಂದೇ ಅರ್ಥ: ಹೌದು.

ಈ ಒಂದು ತಲೆತೂಗಿನ ದೆಸೆಯಿಂದ ಮಂಗಳೂರು ಕುಲಶೇಖರದ ಇನೆಜ್ ಲೋಬೊ ಕುವೈತಿನಲ್ಲಿ ಹದಿನೆಂಟು ವರ್ಷ ಬ್ರೆಜಿಲ್ ದೇಶದವರಾಗಿ ಬಾಳಿದರು.

ನಗರದ ಹಳೆಯ ಭಾಗದಲ್ಲಿ, ಗಾಜಿನ ಗೋಪುರಗಳ ಬೆನ್ನಿಗೆ, ಕಡಲಿನಿಂದ ಎರಡು ರಸ್ತೆ ಒಳಗೆ ನವಾಖಿದ ಗಲ್ಲಿ ಇದೆ. ನವಾಖಿದ ಎಂದರೆ ಹಾಯಿಹಡಗಿನ ನಾಯಕರು. ಹವಳದ ಕಲ್ಲು, ಮಣ್ಣಿನ ಗಿಲಾವು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಎರಡಾಳೆತ್ತರದ ತೇಗದ ಬಾಗಿಲು. ಆ ಕಾಲದ ಮನೆಗಳೆಲ್ಲ ಹಾಗೆಯೇ. ಆ ತೇಗ ನಮ್ಮ ಪಡುವಣ ಕರಾವಳಿಯಿಂದಲೇ ಹಡಗೇರಿ ಬಂದದ್ದೆಂದು ಗಲ್ಲಿಯ ತುದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ ಮುತ್ತಲಿಬ್ ಸಾಧಿಸುತ್ತಾರೆ. ಬಾಗಿಲನ್ನು ಯಾರೂ ಯಾವ ದೇಶ ಎಂದು ಕೇಳಲಿಲ್ಲವಲ್ಲ ಎಂದೂ ಸೇರಿಸುತ್ತಾರೆ. ತೈಲ ಬಂದು ನಾಯಕರ ಮೊಮ್ಮಕ್ಕಳು ಹೊರವಲಯದ ಬಂಗಲೆಗಳಿಗೆ ಹೋದ ಮೇಲೆ ವೆನೆಜುವೆಲಾದ ತೈಲ ಎಂಜಿನಿಯರುಗಳ ಸಂಸಾರಗಳು ಇಲ್ಲಿ ಬಾಡಿಗೆಗೆ ನಿಂತವು. ಅವರ ಬೆನ್ನಿಗೆ ಕೊಲಂಬಿಯಾದವರು, ಪೆರುವಿನವರು, ಮೆಕ್ಸಿಕೋದವರು ಬಂದರು. ಮಣ್ಣುಬಣ್ಣದ ಗೋಡೆಗಳಿಗೆ ನೀಲಿ ಬಂತು, ಹಳದಿ ಬಂತು. ಅಂಗಳಕ್ಕೆ ಗಿಟಾರು ಬಂತು, ಕುಂಬಾರರ ಚಕ್ರ ಬಂತು. ಈಗ ಗಲ್ಲಿಯಲ್ಲಿ ಮೂರು ಚಿತ್ರಶಾಲೆಗಳು, ಒಂದು ನೃತ್ಯಶಾಲೆ, ಮುಸುಕಿನ ಜೋಳದ ರೊಟ್ಟಿಯ ನಡುವೆ ಪಲ್ಯ ತುಂಬಿ ಕೊಡುವ ಒಂದು ಅಡುಗೆಮನೆ ಇವೆ. ಟ್ಯಾಕ್ಸಿಯವರ ಬಾಯಲ್ಲಿ ಅದು ಸ್ಪ್ಯಾನಿಷ್ ಗಲ್ಲಿ.

ಆ ಗಲ್ಲಿಯ ದೊಡ್ಡಮನೆಗೆ ಅವರು ‘ಕಾಸಾ’ ಎನ್ನುತ್ತಾರೆ. ಕೆಳಗೆ ನೃತ್ಯಶಾಲೆ, ಮೇಲೆ ಒಂಬತ್ತು ಕೋಣೆ. ಒಬ್ಬಂಟಿಯಾಗಿ ಉಳಿದ, ಲ್ಯಾಟಿನ್ ಅಮೆರಿಕದ ತಮ್ಮ ಕಡೆಯವರಿಗಷ್ಟೇ ಆ ಕೋಣೆಗಳು ಎಂಬುದು ಮನೆಯ ಕಟ್ಟಳೆ. ಕಟ್ಟಳೆ ಮಾಡಿದವರು, ಅದನ್ನು ಕಾಯುವವರು ಸೆನ್ಯೋರಾ ಗ್ರಾಸಿಯೇಲಾ, ತೈಲ ಎಂಜಿನಿಯರೊಬ್ಬರ ವಿಧವೆ, ನೃತ್ಯಶಾಲೆಯ ಯಜಮಾನಿ. ಎಂಬತ್ತರ ಹತ್ತಿರವಾದರೂ ಬೆನ್ನು ಬಾಗದ, ಎದುರಿಗಿದ್ದವರ ತಟ್ಟೆಯಿಂದ ಕೇಳದೆ ಕೈಹಾಕಿ ತಿನ್ನುವ, ಪ್ರೀತಿಯನ್ನೆಲ್ಲ ಬೈಗುಳದಲ್ಲೇ ತೋರಿಸುವ ಹೆಂಗಸು.

ಇನೆಜ್ ಬಾಯಿ ಅಲ್ಲಿಗೆ ಬರುವ ಹೊತ್ತಿಗೆ ನಲವತ್ತು ವರ್ಷದವರು. ಮದುವೆಯಾಗಿರಲಿಲ್ಲ. ಹನ್ನೆರಡು ವರ್ಷ ದುಡಿದ ಹೊಲಿಗೆಯಂಗಡಿ ಮುಚ್ಚಿತ್ತು. ಊರಿನಲ್ಲಿ ಅಮ್ಮ ತೀರಿದ ಮೇಲೆ ಅಣ್ಣ ಡೋಲ್ಫಿ ಮನೆ ಮಾರಿ ಮಕ್ಕಳ ಹಿಂದೆ ಆಸ್ಟ್ರೇಲಿಯಾಕ್ಕೆ ಹೋಗಿದ್ದರಿಂದ ಹಿಂದಿರುಗುವುದೆಂದರೆ ಎಲ್ಲಿಗೆ ಎಂಬುದೂ ತಿಳಿಯದಾಗಿತ್ತು. ಹೊಲಿಗೆಯಂಗಡಿಯ ಕುವೈತಿ ಮಾಲೀಕನೇ ಅವರ ಕಫೀಲ್, ಅಂದರೆ ಕಾನೂನಿನ ಕಣ್ಣಿನಲ್ಲಿ ಅವರಿಗೆ ಹೊಣೆ. ಆತ ಕಾಗದಪತ್ರಗಳನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡು, ನೃತ್ಯಶಾಲೆಗೆ ಬಟ್ಟೆ ಹೊಲಿಯುವವರು ಬೇಕಂತೆ, ಹೋಗಿ ನೋಡು ಎಂದು ಕಳಿಸಿದ್ದ. ಮೊದಲ ದಿನ ಪರೀಕ್ಷೆಗೆಂದು ಒಂದು ಲಂಗ ಕೊಟ್ಟರು. ಹನ್ನೆರಡು ಗಜ ಸುತ್ತಳತೆಯ, ಅಂಚಿಗೆ ಮೂರು ಸಾಲು ನೆರಿಗೆಯ ಲಂಗ. ಇನೆಜ್ ಬಾಯಿ ಸೂಜಿ ಕಚ್ಚಿಕೊಂಡು ನೆಲಕ್ಕೆ ಕೂತರು. ಗ್ರಾಸಿಯೇಲಾ ಚೀಟಿಯ ಮೇಲೆ ಬರೆದಿದ್ದ ಹೆಸರನ್ನು ಓದಿದರು: ಇನೆಜ್ ಲೋಬೊ. ಮುಖ ನೋಡಿದರು; ಕಡಲದಂಡೆಯ ಗೋಧಿಗಪ್ಪು, ಗುಂಗುರು ಕೂದಲು, ಕೊರಳಲ್ಲಿ ಶಿಲುಬೆ. ಸ್ಪ್ಯಾನಿಷಿನಲ್ಲಿ ಏನೋ ಕೇಳಿದರು, ಉತ್ತರ ಬರಲಿಲ್ಲ. ಆಗ ತಮ್ಮಷ್ಟಕ್ಕೇ ಲೆಕ್ಕ ಹಾಕಿ, ಲೋಬೊ ಎಂಬ ಹೆಸರಿದ್ದೂ ಸ್ಪ್ಯಾನಿಷ್ ಬಾರದೆಂದರೆ ಬ್ರೆಜಿಲೇ ಸರಿ ಎಂದುಕೊಂಡು, ಬ್ರೆಜಿಲಿನವಳಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಾಯಲ್ಲಿ ಏಳು ಸೂಜಿ. ಕೈಯಲ್ಲಿ ಜಾರುವ ಸ್ಯಾಟಿನ್. ಇನೆಜ್ ಬಾಯಿ ತಲೆ ತೂಗಿದರು.

ಸಂಜೆ ಸೂಜಿ ತೆಗೆದಿಟ್ಟು ಎದ್ದಾಗ ಕೋಣೆಯ ಚಾವಿ ಕೈಯಲ್ಲಿತ್ತು. ಮಹಡಿಯಲ್ಲಿ, ಕಡಲ ಗಾಳಿ ಬರುವ ಕೋಣೆ. ಹನ್ನೆರಡು ವರ್ಷ ಆರು ಮಂದಿಯ ಜೊತೆ ಎರಡಂತಸ್ತಿನ ಮಂಚದಲ್ಲಿ ಮಲಗಿದ್ದವರಿಗೆ ತನ್ನದೇ ಒಂದು ಕಿಟಕಿ. ನಾಳೆ ಹೇಳಿದರಾಯಿತು ಎಂದುಕೊಂಡು ಮಲಗಿದರು. ಆ ನಾಳೆಯೇ ಹದಿನೆಂಟು ವರ್ಷವಾಯಿತು.

ಒಂದು ತಪ್ಪು ಎಷ್ಟು ಚೆನ್ನಾಗಿ ಬೆಳೆಯುತ್ತದೆ ಎಂಬುದನ್ನು ನೋಡಬೇಕಾದರೆ ಅದಕ್ಕೆ ಪ್ರೀತಿಯ ನೀರು ಬೀಳಬೇಕು. ಮೊದಲ ಕ್ರಿಸ್‌ಮಸ್ಸಿಗೆ ಇನೆಜ್ ಬಾಯಿ ಅಕ್ಕಿ ನೆನೆಸಿ, ಹುಳಿ ಬರಿಸಿ ಸಾನ್ನಾಂ ಬೇಯಿಸಿದರು; ಬ್ರೆಜಿಲಿನ ಬಿಳಿ ರೊಟ್ಟಿ ಎಂದು ಗಲ್ಲಿಯವರು ಬಾಯಿ ಚಪ್ಪರಿಸಿದರು. ಒಬ್ಬಳ ಮದುವೆಯ ಹಿಂದಿನ ದಿನ ಎಲ್ಲರೂ ತಮ್ಮ ತಮ್ಮ ದೇಶದ ಹಾಡು ಹೇಳುವಾಗ, ಮದುಮಗಳ ತಲೆಗೆ ತೆಂಗಿನ ಹಾಲೆರೆಯುವ ಹೊತ್ತಿನ ಕೊಂಕಣಿ ವೊವಿಯೊ ಒಂದನ್ನು ಕಣ್ಣುಮುಚ್ಚಿ ಹಾಡಿದರು. ಬ್ರೆಜಿಲಿನ ಯಾವುದೋ ಹಳೆಯ ಕರಾವಳಿಯ ಹಾಡೆಂದು ಎಲ್ಲರ ಕಣ್ಣೂ ಒದ್ದೆಯಾದವು. ಅಳತೆಪುಸ್ತಕದಲ್ಲಿ ಅವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದ ‘ಸೊಂಟ, ತೋಳು, ಎದೆ’ಗಳನ್ನು ದರ್ಜಿಗಳ ಗುಟ್ಟಿನ ಗುರುತುಗಳೆಂದು ಗಲ್ಲಿಯವರು ತಿಳಿದರು. ಹೀಗೆ ಅವರದೆಂಬುದೆಲ್ಲವೂ ಒಂದೊಂದಾಗಿ ಬ್ರೆಜಿಲಿನದಾಯಿತು. ನಾನು ಇಂಥವಳೆಂದು ತೋರಿಸಲು ಬೇಕಾದ ಸಾಕ್ಷಿಗಳು ಕೈಯಿಂದ ಹೋಗುತ್ತಲೇ ಇದ್ದವು, ಅವರು ಬಡಿಸುತ್ತಲೇ ಇದ್ದರು, ಹಾಡುತ್ತಲೇ ಇದ್ದರು.

ನಿಜವಾದ ಬ್ರೆಜಿಲಿನವನೊಬ್ಬ ಗಲ್ಲಿಗೆ ಬಂದದ್ದು ಒಂದೇ ಸಲ. ಯಾವುದೋ ಕ್ಲಬ್ಬಿನ ಫುಟ್‌ಬಾಲ್ ತರಬೇತುದಾರ. ಊರಿನವಳನ್ನು ಕಂಡರೆ ಅವನಿಗೂ ಸಂತೋಷ, ಅವಳಿಗೂ ಸಂತೋಷ ಎಂದು ಎಲ್ಲರೂ ಅವನನ್ನು ಮೆರವಣಿಗೆಯಲ್ಲಿ ಮಹಡಿಗೆ ಕರೆತಂದರು. ಇನೆಜ್ ಬಾಯಿ ಚಿಲಕ ಹಾಕಿ, ಕಂಬಳಿ ಹೊದ್ದು, ಜ್ವರ ಎಂದು ನರಳಿದರು. ಆತ ಬಾಗಿಲ ಆಚೆಯಿಂದ ಪೋರ್ಚುಗೀಸಿನಲ್ಲಿ ಏನೇನೋ ಸಮಾಧಾನ ಹೇಳಿದ. ಅದರಲ್ಲಿ ‘ಜನೆಲಾ’ ಎಂಬುದೊಂದು ಮಾತ್ರ, ನಮ್ಮ ಕೊಂಕಣಿಯ ಜನೆಲ್ ಇದ್ದ ಹಾಗೆ ಕೇಳಿಸಿ, ಗಾಳಿಗೆ ಕಿಟಕಿ ತೆಗೆ ಎನ್ನುತ್ತಿದ್ದಾನೆಂದು ಊಹಿಸಿ ಎದ್ದು ಕಿಟಕಿ ತೆರೆದರು. ಅಂಗಳದಲ್ಲಿದ್ದವರು ಅದನ್ನು ಕಂಡು ಚಪ್ಪಾಳೆ ತಟ್ಟಿದರು. ತನ್ನ ಭಾಷೆ ಕಿವಿಗೆ ಬಿದ್ದದ್ದೇ ಜ್ವರ ಇಳಿಯಿತು ನೋಡಿ ಎಂದು ಗ್ರಾಸಿಯೇಲಾ ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ನಗುವ ಮಾತು ಇಷ್ಟೇ. ಉಳಿದದ್ದರಲ್ಲಿ ನಗು ಕಡಿಮೆ. ಪಟ್ಟಣದ ಇಗರ್ಜಿಯಲ್ಲಿ ವಾರಕ್ಕೊಮ್ಮೆ ಕೊಂಕಣಿ ಬಲಿಪೂಜೆ ನಡೆಯುತ್ತದೆ. ಇನೆಜ್ ಬಾಯಿ ಹದಿನೆಂಟು ವರ್ಷ ಅದಕ್ಕೆ ಕಾಲಿಡಲಿಲ್ಲ. ಊರಿನವರು ಯಾರಾದರೂ ಗುರುತಿಸಿ, ಗಲ್ಲಿಯ ತನಕ ಜೊತೆಗೆ ಬಂದು, ಬಾಗಿಲಲ್ಲಿ ನಿಂತು ಕೊಂಕಣಿಯಲ್ಲಿ ಮಾತು ತೆಗೆದರೆ? ಆದ್ದರಿಂದ ಗ್ರಾಸಿಯೇಲಾ ಅವರ ತೋಳು ಹಿಡಿದು ಸ್ಪ್ಯಾನಿಷ್ ಪೂಜೆಗೆ ಹೋಗಿ, ಅರ್ಧಂಬರ್ಧ ಅರ್ಥವಾಗುವ ಪ್ರಾರ್ಥನೆಗೆ ತುಟಿ ಅಲ್ಲಾಡಿಸಿ ಬರುತ್ತಿದ್ದರು. ಒಮ್ಮೆ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರು ಬಿಡಿಸಿ ನೋಡುತ್ತಿದ್ದಾಗ ಬೆನ್ನ ಹಿಂದೆ ಇಬ್ಬರು ಹೆಂಗಸರು ಕೊಂಕಣಿಯಲ್ಲಿ ಜಗಳವಾಡುತ್ತಿದ್ದರಂತೆ, ಸಾರಿಗೆ ಹುಣಸೆ ಹಾಕುವುದೋ ಬಿಂಬುಳಿ ಹಾಕುವುದೋ ಎಂದು. ಇನೆಜ್ ಬಾಯಿಗೆ ಅದರ ಉತ್ತರ ಗೊತ್ತಿತ್ತು. ಬಂಗುಡೆಯನ್ನು ಮಂಜುಗಡ್ಡೆಯ ಮೇಲೆ ಮೆಲ್ಲಗೆ ಇಟ್ಟು, ಹಿಂದಿರುಗಿ ನೋಡದೆ ಮನೆಗೆ ಬಂದು, ಆ ದಿನ ಅನ್ನಕ್ಕೆ ಮೊಸರು ಕಲಸಿ ಉಂಡರು.

ಅವರ ಬಾಯಲ್ಲಿ ಊರಿನ ಮಾತು ಉಳಿದದ್ದು ಮುತ್ತಲಿಬರ ಅಂಗಡಿಯ ಫ್ರಿಜ್ಜಿನ ಹಿಂದಿನ ಒಂದು ಸ್ಟೂಲಿನ ಮೇಲೆ. ಬಂದ ಮೊದಲ ವಾರದಲ್ಲೇ ಮೊಟ್ಟೆಯ ಟ್ರೇ ಕೈಜಾರಿದಾಗ ಬಾಯಿಂದ ತುಳು ಹೊರಬಿದ್ದಿತ್ತು: ‘ಅಯ್ಯೋ ದೇವೆರೇ, ಪೂರಾ ಪೊಡಿ ಆಂಡ್.’ ಗಲ್ಲಾದಲ್ಲಿದ್ದ ಮುತ್ತಲಿಬ್ ತಲೆಯೆತ್ತಿ ನಗುತ್ತ, ಕರಾವಳಿಯಲ್ಲಿ ಕ್ರಿಸ್ತುವರ ಹೆಂಗಸರನ್ನು ಕರೆಯುವಂತೆ ‘ಬಾಯಮ್ಮ’ ಎಂದು ಕರೆದರು. ಗುಟ್ಟು ಅಂದೇ ಅವರಿಗೆ ತಿಳಿಯಿತು; ಅವರು ಯಾರಿಗೂ ಹೇಳಲಿಲ್ಲ, ಕೇಳಿದವರೂ ಇರಲಿಲ್ಲ. ದಿನಕ್ಕೆ ಹತ್ತು ನಿಮಿಷ, ಮೊಸರಿನ ಡಬ್ಬಿಗಳ ಮರೆಯಲ್ಲಿ, ಎರಡು ಮುದಿ ದನಿಗಳು ಮೀನಿನ ದರ, ಊರಿನ ಸೆಕೆ, ಇಕಾಮಾ ಎಂಬ ವಾಸದ ಪರವಾನಗಿಯ ಕಿರಿಕಿರಿ ಎಂದು ಮಾತಾಡುವುದು. ಅಷ್ಟೇ ಅವರ ತಾಯ್ನಾಡು.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಕಾಸಾದ ಹೊರಗೋಡೆಗೆ ಚಿತ್ರ ಬರೆಯುವುದೆಂದಾಯಿತು. ಗಲ್ಲಿಯ ಆರು ಮಂದಿ ಹಿರಿಯರ ಮುಖಗಳು, ಒಂದೊಂದೂ ಎರಡಾಳೆತ್ತರ. ಬರೆಯಲು ಚಿಲಿಯಿಂದ ಪಲೋಮಾ ಎಂಬ ಚಿತ್ರಕಾರ್ತಿ ಬಂದಳು. ಆರರಲ್ಲಿ ಇನೆಜ್ ಬಾಯಿಯದೂ ಒಂದು. ಪಲೋಮಾ ಮೂರು ದಿನ ಎದುರಿಗೆ ಕೂತು ಮುಖ ನೋಡಿದಳು. ಇವರ ಜೀವಮಾನದಲ್ಲಿ ಯಾರೂ ಅಷ್ಟು ಹೊತ್ತು ಇವರ ಮುಖವನ್ನು ನೋಡಿರಲಿಲ್ಲ. ಗೋಡೆಯ ಮೇಲೆ ಹಣೆ ಮೂಡಿತು, ಮೂಗು ಮೂಡಿತು, ಎಡಗೆನ್ನೆಯ ಮಚ್ಚೆಯೂ ಮೂಡಿತು. ಬಿದ್ದ ಬೆಳಕಿನಲ್ಲಿ ಅದು ಥೇಟು ಅಮ್ಮನ ಮುಖದಂತಿತ್ತು ಎಂದು ಅವರು ನನಗೆ ಹೇಳಿದ್ದುಂಟು. ಮುಖದ ಕೆಳಗೆ ಹೆಸರು ಮತ್ತು ಹುಟ್ಟೂರು ಬರೆಯಬೇಕು. ಐವರದು ಬರೆದಾಯಿತು. ನಿನ್ನದು ಬ್ರೆಜಿಲಿನಲ್ಲಿ ಯಾವ ಊರು ಎಂದು ಪಲೋಮಾ ಕೇಳಿದಳು.

ಅಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಇದಕ್ಕೆ ತಲೆ ತೂಗಿ ಪಾರಾಗುವಂತಿರಲಿಲ್ಲ. ನಾಳೆ ಹೇಳುತ್ತೇನೆಂದು ಅವರು ನೆಟ್ಟಗೆ ಅಂಗಡಿಗೆ ಬಂದರು.

“ಒಂದು ಊರಿನ ಹೆಸರು ಹೇಳಿಬಿಡಿ ಬಾಯಮ್ಮ,” ಎಂದರು ಮುತ್ತಲಿಬ್. “ಅಲ್ಲಿಗೆ ಹೋಗಿ ನೋಡ್ಲಿಕ್ಕೆ ಯಾರುಂಟು? ಬೇಕಾದ್ರೆ ಫೋನಲ್ಲಿ ನೋಡಿ ನಾನೇ ಒಂದು ಒಳ್ಳೇದು ಆರಿಸಿ ಕೊಡ್ತೇನೆ, ಸಮುದ್ರ ಇರುವಂಥದ್ದು.”

“ಸುಳ್ಳಾಗ್ತದಲ್ಲ ಬ್ಯಾರಿಗಳೇ.”

“ಮತ್ತೆ ಇಷ್ಟು ವರ್ಷ ಮಾಡಿದ್ದು ಎಂತ?”

“ಇಷ್ಟು ವರ್ಷ ಸುಮ್ಮನೆ ಇದ್ದದ್ದು. ಅವರೇ ಕೇಳಿದ್ದು, ಅವರೇ ಹೇಳಿದ್ದು.”

ಮುತ್ತಲಿಬ್ ಸ್ವಲ್ಪ ಹೊತ್ತು ಡಬ್ಬಿ ಜೋಡಿಸಿದರು. ಹಾಗಾದರೆ ನಿಜ ಹೇಳಿಬಿಡಿ, ಕೋಣೆ ಹೋದರೆ ಸಲ್ವಾದಲ್ಲಿ ತನ್ನ ತಂಗಿ ಹವ್ವಮ್ಮನ ಮನೆಯಲ್ಲಿ ಒಂದು ಮೂಲೆ ಸಿಗುತ್ತದೆ ಎಂದರು. ಇನೆಜ್ ಬಾಯಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. “ಕೋಣೆಯ ಹೆದರಿಕೆ ಮೊದಲು ಇತ್ತು. ಈಗ ಅದಲ್ಲ. ನಾಳೆಯಿಂದ ಸೆನ್ಯೋರಾ ನನ್ನನ್ನು ಬಯ್ಯದೆ ಹೋದ್ರೆ ಅಂತ.”

ಶುಕ್ರವಾರ ಅಂಗಳದಲ್ಲಿ ಎಲ್ಲರ ಊಟ. ಇನೆಜ್ ಬಾಯಿ ಸೂಜಿಗಳನ್ನು ತುಟಿಯಿಂದ ಒಂದೊಂದಾಗಿ ತೆಗೆದು ಮಣಿಕಟ್ಟಿನ ದಿಂಬಿಗೆ ಚುಚ್ಚಿ, ಎದ್ದು ನಿಂತು, ತಾನು ಬ್ರೆಜಿಲಿನವಳಲ್ಲ, ಇಂಡಿಯಾದ ಮಂಗಳೂರಿನವಳು ಎಂದರು. ಪೆರುವಿನ ಕುಂಬಾರ ಹೊಟ್ಟೆ ಹಿಡಿದು ನಕ್ಕ; ತನ್ನ ಅಜ್ಜಿಯೂ ಇಂಡಿಯನ್ನೇ, ಬೆಟ್ಟದ ಮೇಲಿನ ಮೂಲನಿವಾಸಿ ಎಂದ. ಇನೆಜ್ ಬಾಯಿ ತಮ್ಮ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ರಾಷ್ಟ್ರೀಯತೆ ಎಂಬಲ್ಲಿ ಇಂಡಿಯಾ ಎಂದೇ ಇತ್ತು. ಗ್ರಾಸಿಯೇಲಾ ಕನ್ನಡಕ ಏರಿಸಿ ಓದಿ, ತಮ್ಮ ಚೀಟಿಯನ್ನೂ ತೆಗೆದು ಅದರ ಪಕ್ಕಕ್ಕೆ ಇಟ್ಟರು.

“ನನ್ನದರಲ್ಲಿ ಸ್ಪೇನ್ ಅಂತ ಇದೆ,” ಎಂದರು. “ನಾನು ಸ್ಪೇನಿನಲ್ಲಿ ಎರಡು ವಾರವೂ ಇದ್ದವಳಲ್ಲ. ಇವನದರಲ್ಲಿ ಇಟಲಿ. ಅವಳದರಲ್ಲಿ ಕೆನಡಾ. ಕಾಗದ ಯಾರು ಕೊಡುತ್ತಾರೋ ಅವರದು ತೆಗೆದುಕೊಳ್ಳುವುದು. ಅದಕ್ಕೆ ಅಳುತ್ತಾರೇನೇ, ಹುಚ್ಚಿ?”

ಊರು ಕುಸಿದು, ಸಿಕ್ಕ ದೇಶದ ಕಾಗದ ಹಿಡಿದು ಬದುಕಿದವರ ಅಂಗಳದಲ್ಲಿ ಗುರುತಿನ ಚೀಟಿ ಯಾವುದಕ್ಕೂ ಸಾಕ್ಷಿಯಾಗಲಿಲ್ಲ. ಎಲ್ಲರೂ ಇವರನ್ನು ತಬ್ಬಿಕೊಂಡರು. ಒಂದು ವಾರ ಸರದಿಯ ಮೇಲೆ ಗಂಜಿ ಬಂತು. ಮೆಟ್ಟಿಲಲ್ಲಿ ಪಿಸುಮಾತು: ವಯಸ್ಸು, ಒಂಟಿತನ, ಪಾಪ, ಈಗ ತಾನು ಇಂಡಿಯಾದವಳು ಎನ್ನುತ್ತಾಳೆ. ಅವರು ಹೇಗೋ ಸಹಿಸಿದರು. ಆದರೆ ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸಲು ಕೂತು ಕೈಚಾಚಿದರೆ ದೊಡ್ಡ ಕತ್ತರಿ ಇರಲಿಲ್ಲ. ಮರೆವಿನವರ ಕೈಗೆ ಸಿಗಬಾರದೆಂದು ಯಾರೋ ಅಕ್ಕರೆಯಿಂದಲೇ ತೆಗೆದಿಟ್ಟಿದ್ದರು. ಅದರ ಜಾಗದಲ್ಲಿ ಮಕ್ಕಳು ಬಣ್ಣದ ಕಾಗದ ಕತ್ತರಿಸುವಂಥದ್ದು, ಮೊಂಡು ತುದಿಯದು, ಇಟ್ಟಿತ್ತು.

ಇನೆಜ್ ಬಾಯಿ ಆ ಮೊಂಡು ಕತ್ತರಿಯನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ಕೆಳಗಿಳಿದು, ಗೋಡೆಗೆ ಆನಿಸಿದ ಹಲಗೆಯಟ್ಟಣಿಗೆಯ ಬಳಿ ಹೋಗಿ, ಪಲೋಮಾಳ ಕೈಯಿಂದ ಬಿಳಿ ಬಣ್ಣದ ಕುಂಚ ಕೇಳಿ ಪಡೆದು, ಸೆರಗಿಲ್ಲದ ಉಡುಪಿನ ಅಂಚನ್ನು ಒಂದು ಕೈಯಲ್ಲಿ ಒಟ್ಟುಮಾಡಿ ಹಿಡಿದುಕೊಂಡು, ಮೂರು ಮೆಟ್ಟಿಲು ಹತ್ತಿದರು. ತಮ್ಮ ಮುಖದ ಕೆಳಗೆ, ಗೇಣಗಲದ ಅಕ್ಷರಗಳಲ್ಲಿ, ಶಾಲೆಯ ಹಲಗೆಯ ಮೇಲೆ ಬರೆಯುವಂತೆ ನಾಲಿಗೆ ಕಚ್ಚಿಕೊಂಡು ಬರೆದರು: ಇನೆಜ್ ಲೋಬೊ, ಕುಲಶೇಖರ.

ಪಲೋಮಾ ಚಿತ್ತಾರ ಬಹಳ ಚೆಂದ ಎಂದಳು. ಗಲ್ಲಿಯವರು ಒಬ್ಬೊಬ್ಬರಾಗಿ ಸೇರಿದರು. ಗ್ರಾಸಿಯೇಲಾ ನೃತ್ಯಶಾಲೆಯಿಂದ ಹೊರಬಂದು ನೋಡಿದರು. ಈ ಗುಂಡುಗುಂಡು ಗುರುತುಗಳನ್ನು ಅಳತೆಪುಸ್ತಕದಲ್ಲಿ ಅವರು ಸಾವಿರ ಸಲ ಕಂಡಿದ್ದರು. ಗದ್ದಲ ಕೇಳಿ ಮುತ್ತಲಿಬ್ ಅಂಗಡಿಯ ಬಾಗಿಲಿಗೆ ಬಂದಿದ್ದರು. ಯಾರೂ ಹೇಳಿಕೊಡದೆ, ಯಾರ ಕಡೆಗೂ ನೋಡದೆ, ರಸ್ತೆಯ ಆಚೆ ತುದಿಯಿಂದಲೇ ಗಟ್ಟಿಯಾಗಿ ಓದಿಬಿಟ್ಟರು.

ಗ್ರಾಸಿಯೇಲಾ ತಿರುಗಿದರು. ದಿನಸಿ ಅಂಗಡಿಯವನಿಗೆ ಇದು ಓದಲು ಬರುತ್ತದೆಯೇ ಎಂದು ಕೇಳಿದರು. ನಮ್ಮ ಊರಿನ ಅಕ್ಷರ ಮೇಡಂ ಎಂದರು ಮುತ್ತಲಿಬ್. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದ್ದಕ್ಕೆ, ಪ್ರಾಮಾಣಿಕರು, ಬಂದ ಮೊದಲ ವಾರದಿಂದ ಎಂದರು. ಅಟ್ಟಣಿಗೆಯ ಮೇಲೆ ಕುಂಚ ಹಿಡಿದು ನಿಂತಿದ್ದ ಇನೆಜ್ ಬಾಯಿಯ ಮುಖವನ್ನೊಮ್ಮೆ, ಗೋಡೆಯ ಮುಖವನ್ನೊಮ್ಮೆ ನೋಡಿ, ಗ್ರಾಸಿಯೇಲಾ ಒಂದೇ ಮಾತು ಆಡಿದರು.

“ಅಂಗಡಿಯವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.”

ಅವರು ಕೆಟ್ಟವರಲ್ಲ. ಅಂದು ಮಧ್ಯಾಹ್ನವೇ ಕತ್ತರಿ ಮರಳಿ ಬಂತು. ಕೋಣೆ ನಿಮ್ಮದೇ, ಕಟ್ಟಳೆಯನ್ನು ನಾನೇ ಮಾಡಿದ್ದು, ನಾನೇ ಬದಲಿಸುತ್ತೇನೆ ಎಂದು ತಾವೇ ಮೆಟ್ಟಿಲು ಹತ್ತಿ ಬಂದು ಹೇಳಿದರು. ‘ನಿಮ್ಮದೇ’ ಎಂದರು. ಇನೆಜ್ ಬಾಯಿ ಈ ವರ್ಷಗಳಲ್ಲಿ ಕಿವಿಗೆ ಬಿದ್ದಷ್ಟು ಕಲಿತ ಅವರ ಸ್ಪ್ಯಾನಿಷಿನಲ್ಲೂ ನಮ್ಮದರಂತೆ ಆಪ್ತರಿಗೊಂದು, ಪರಕೀಯರಿಗೊಂದು ಸಂಬೋಧನೆ ಉಂಟು. ಹದಿನೆಂಟು ವರ್ಷ ಏಕವಚನದಲ್ಲಿ ಬೈಸಿಕೊಂಡವರಿಗೆ ಅಂದಿನಿಂದ ಬಹುವಚನ ಬಂತು. ಕಾಫಿಗೆ ಕರೆದರೆ ಬಸಿಯ ಮೇಲೆ ಕಪ್ಪು ಇಟ್ಟು ಕೊಡುತ್ತಾರೆ. ನಿಮ್ಮ ಕಡೆ ಈ ಹಬ್ಬ ಉಂಟೇ, ನೀವು ಇದನ್ನು ತಿನ್ನುತ್ತೀರೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸುತ್ತಾರೆ. ಇವರ ತಟ್ಟೆಗೆ ಕೈಹಾಕುವುದಿಲ್ಲ. ಗಲ್ಲಿಯವರೂ ಅಷ್ಟೇ, ಈಗ ಸಾನ್ನಾಂ ತಿಂದು ಧನ್ಯವಾದ ಹೇಳುತ್ತಾರೆ.

ನಾನು ಆ ಗಲ್ಲಿಗೆ ಹೋದದ್ದು ಇದೆಲ್ಲ ಮುಗಿದು ಎರಡು ತಿಂಗಳಾದ ಮೇಲೆ, ಮಡಕೆಗಳ ಪ್ರದರ್ಶನ ನೋಡಲೆಂದು. ಮಣ್ಣುಗೋಡೆಯ ಮೇಲೆ ನಾಲ್ಕು ಜನ ಅಪರಿಚಿತರ ಮುಖ ದಾಟಿ ಐದನೆಯದರ ಕೆಳಗೆ ಕಣ್ಣು ಹೋದಾಗ ಕಾಲು ತಾನಾಗಿ ನಿಂತಿತು. ಮರುಭೂಮಿಯ ಆ ಪಟ್ಟಣದಲ್ಲಿ, ಆ ಜಾಗದಲ್ಲಿ, ಕನ್ನಡ. ನಂಬಿಕೆ ಬರಲೆಂದು ಬಾಯಿಬಿಟ್ಟೇ ಓದಿದೆ. ಮೇಲೊಂದು ಕಿಟಕಿ ಧಡಾರನೆ ತೆರೆಯಿತು. ಗೋಡೆಯ ಮೇಲಿದ್ದ ಮುಖವೇ ಹೊರಗೆ ಬಾಗಿ, ಬಾಯಲ್ಲಿದ್ದ ಸೂಜಿಗಳನ್ನು ಅಂಗೈಗೆ ಉಗಿದುಕೊಂಡು ಕೇಳಿತು:

“ಖಂಯ್ಚ್ಯೆ ಫಿರ್ಗಜೆಚೆಂ ತುಂ?”

ಯಾವ ಇಗರ್ಜಿಯ ಊರಿನವಳು ನೀನು ಎಂಬುದು ಅದರ ಅರ್ಥ, ಮಂಗಳೂರಿನ ಕ್ರಿಸ್ತುವರಲ್ಲಿ ಇಬ್ಬರು ಎಲ್ಲೇ ಎದುರಾದರೂ ಮೊದಲು ಹುಟ್ಟುವ ಪ್ರಶ್ನೆ ಅದು ಎಂಬುದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಬರೀ ಮುಖವೆತ್ತಿ, ನನಗೆ ಕೊಂಕಣಿ ಬರುವುದಿಲ್ಲ, ತುಮಕೂರಿನ ಕಡೆಯವಳು ಎಂದೆ. ಆ ಮುಖದಲ್ಲಿ ಏನು ಆರಿಹೋಯಿತು ಎಂಬುದನ್ನು ವರ್ಣಿಸುವ ಧೈರ್ಯ ನನಗಿಲ್ಲ. ಅವರು ಕಿಟಕಿಯ ಚೌಕಟ್ಟನ್ನು ಸವರಿದರು, ಬೀದಿಯನ್ನು ನೋಡಿದರು.

“ಓದ್ಲಿಕ್ಕೆ ಬಂತಲ್ಲ,” ಎಂದರು ಕೊನೆಗೆ, ಕನ್ನಡದಲ್ಲಿ. “ಅಷ್ಟು ಸಾಕು. ಮೇಲೆ ಬನ್ನಿ, ಚಾ ಇಡ್ತೇನೆ.”

ಗೋಡೆ ಓದಿ ಬಂದವರಲ್ಲಿ ನಾನೇ ಮೊದಲಿಗಳು. ಈ ಒಂದೂವರೆ ವರ್ಷದಲ್ಲಿ ಇನ್ನಿಬ್ಬರು ಬಂದರಂತೆ. ಒಬ್ಬ ವಫ್ರಾದ ತೋಟಕ್ಕೆ ಕೆಲಸಗಾರರನ್ನು ಸಾಗಿಸುವ ಬಳ್ಳಾರಿಯ ಡ್ರೈವರು, ಇನ್ನೊಬ್ಬರು ದಾರಿ ತಪ್ಪಿ ಬಂದ ಮೈಸೂರಿನ ವೈದ್ಯರು. ಕೊಂಕಣಿಯವರು ಒಬ್ಬರೂ ಬರಲಿಲ್ಲ. ಹೀಗೇ ಕಾಯುವುದರಲ್ಲಿ ಅರ್ಥವಿಲ್ಲವೆಂದು ಒಂದು ದಿನ ಇನೆಜ್ ಬಾಯಿಯೇ ಕೊಂಕಣಿ ಬಲಿಪೂಜೆಗೆ ಹೋದರು. ಕೊನೆಯ ಬೆಂಚಿನ ತುದಿಯಲ್ಲಿ ಕೂತರು. ಪ್ರಾರ್ಥನೆಗಳು ಬಾಯಿಗೆ ಬಂದವು, ಒಂದೂ ಮರೆತಿರಲಿಲ್ಲ. ದನಿ ಮಾತ್ರ ತಮ್ಮದೇ ಎಂದು ಗುರುತು ಹತ್ತಲಿಲ್ಲವಂತೆ. ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಗುಂಪುಗುಂಪಾಗಿ ನಿಂತವರ ನಡುವಿನಿಂದ ಒಬ್ಬ ಹೆಂಗಸು ಬಂದು, ಎಲ್ಲೂ ಕಂಡ ಮುಖವಲ್ಲವಲ್ಲ, ಕುವೈತಿಗೆ ಯಾವಾಗ ಬಂದದ್ದು ಎಂದು ಕೇಳಿದರು.

ಮೂವತ್ತು ವರ್ಷವಾಯಿತು ಎನ್ನಬೇಕಿತ್ತು. ಅಂದರೆ ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಇನೆಜ್ ಬಾಯಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, “ಮೊನ್ನೆ ಮೊನ್ನೆ,” ಎಂದರು. ಇದನ್ನು ನನಗೆ ಹೇಳುವಾಗ ಅವರು ನಕ್ಕರು. ಸುಳ್ಳಲ್ಲ ತಾನೆ, ಕುಲಶೇಖರದವಳು ಇಲ್ಲಿಗೆ ಬಂದದ್ದು ಗೋಡೆಯ ಮೇಲೆ ಬರೆದಂದೇ, ಲೆಕ್ಕ ಹಾಕಿ ನೋಡಿ ಎಂದರು.

ಪರದೇಶದ ಹಳೆಯ ಕೇರಿಗಳಲ್ಲಿ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರನ್ನು ಮೋಸಗಾರರೆನ್ನಲು ನಾಲಗೆ ಏಳುವುದಿಲ್ಲ, ಮೋಸಹೋದವರೆನ್ನಲೂ ಆಗುವುದಿಲ್ಲ. ಬೇರೆ ಯಾರಿಗೋ ಮೀಸಲಾಗಿದ್ದ ಅಕ್ಕರೆ ದಾರಿ ತಪ್ಪಿ ತಮ್ಮ ಬಾಗಿಲಿಗೆ ಬಂದಾಗ, ಚಳಿಯಲ್ಲಿ ನಿಂತಿದ್ದವರು, ಇದು ನನ್ನ ವಿಳಾಸಕ್ಕಲ್ಲ ಎಂದು ಹಿಂದಿರುಗಿಸಲಾರದೆ ಒಳಗೆ ತೆಗೆದುಕೊಂಡವರು ಅವರು. ಲೋಕಕ್ಕೆ ಅವರಿಂದ ಕಿಂಚಿತ್ತೂ ನಷ್ಟವಿಲ್ಲ, ನಷ್ಟವೆಲ್ಲ ಅವರದೇ. ನಿಜ ಹೇಳಿದ ದಿನ ಬೀದಿಗೆ ಬೀಳುತ್ತೇವೆಂದು ಅವರು ಹೆದರಿರುತ್ತಾರೆ, ಹಾಗೇನೂ ಆಗುವುದಿಲ್ಲ. ಮನೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಗೌರವ ಮೊದಲಿಗಿಂತ ಹೆಚ್ಚೇ ಆಗುತ್ತದೆ. ಬೈಯುವವರೊಬ್ಬರು ಮಾತ್ರ ಇಲ್ಲವಾಗುತ್ತಾರೆ, ಮತ್ತು ಅವರ ತೂಕ ಎಷ್ಟೆಂಬುದು, ಎಲ್ಲರೂ ಬಹುವಚನದಲ್ಲಿ ಮಾತಾಡಿಸುವ ಮನೆಯೊಳಗೆ ಒಬ್ಬರೇ ಕೂತು ಉಣ್ಣುವವರಿಗೆ ಗೊತ್ತು.